ನೆಲೆಸಲು ತಕ್ಕ ಊರು
(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ಈ ಶುಭ ಸಂದರ್ಭದಲ್ಲಿ ನಾಲ್ಕು ಮಾತನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ನಮ್ಮನ್ನು ಕೇಳಿಕೊಂಡಾಗ, ವಿಷಯವನ್ನು ತಾವೇ ಸೂಚಿಸಬೇಕೆಂದು ನಾವು ಬಿನ್ನವಿಸಿದೆವು. "ಮಹಾನಗರವನ್ನು ಬಿಟ್ಟು ಬಂದು ನೆಲೆಸಲು ತಕ್ಕ ಊರು ಯಾವುದು, ಅದನ್ನು ಹುಡುಕುವುದು ಹೇಗೆ ಎಂಬುದನ್ನು ಕುರಿತು ಮಾತನಾಡಿ" ಎಂದರು ಅವರು. ನಮಗೆ ನಗೆ ಬಂದಿತು. ಏಕೆಂದರೆ ಕಳೆದ ಕೆಲವು ವರ್ಷಗಳಿಂದ ಇದೇ ಪ್ರಶ್ನೆಯನ್ನು ಹೊತ್ತ ಪತ್ರಗಳೂ ದೂರವಾಣಿಯ ಕರೆಗಳೂ ನಮಗೆ ಬರುತ್ತಲೇ ಇವೆ. ಮುಂಬಯಿಯಲ್ಲಿರುವ ಬಂಧುಗಳು ಕೇಳುತ್ತಾರೆ. ಬೆಂಗಳೂರಿನಲ್ಲಿರುವ ಮಿತ್ರರ ಮಕ್ಕಳು ಕೇಳುತ್ತಾರೆ. "ನೀವು ಹೇಗೂ ಊರಿಗೆ ಹಿಂದಿರುಗಿದವರು. ಕಾಸರಗೋಡಿನ ಕಡೆ ನಮಗೂ ಒಂದು ಒಳ್ಳೆಯ ಸ್ಥಳ ನೋಡಿರಿ. ಗುಡ್ಡದ ಬುಡದಲ್ಲಿ ಮನೆ, ಮನೆಯ ಮುಂದೆ ತೋಟ, ತೋಟದಾಚೆಗೆ ತೋಡು. ಗದ್ದಲ ಇರಬಾರದು, ಅಷ್ಟೇ" ಎನ್ನುತ್ತಾರೆ.

"ಅಷ್ಟೇ" ಎಂಬ ಆ ಒಂದು ಮಾತಿನಲ್ಲಿ ಎಷ್ಟೆಲ್ಲ ಅಡಗಿದೆ ಎಂಬುದು ಹೇಳುವವರಿಗೆ ತಿಳಿಯದು. ಹನ್ನೆರಡು ವರ್ಷಗಳ ಹಿಂದೆ ಮುಂಬಯಿಯಿಂದ ಹೊರಡುವಾಗ ನಮಗೂ ತಿಳಿದಿರಲಿಲ್ಲ. ನಾವೂ ಅದೇ ಮಾತನ್ನೇ ಆಡಿದ್ದೆವು. ಇಂದು ಆ ಪ್ರಶ್ನೆಗೆ ತಕ್ಕ ಉತ್ತರವನ್ನು ತಮ್ಮೆಲ್ಲರ ಸಮ್ಮುಖದಲ್ಲಿ ಹುಡುಕೋಣ ಎಂದುಕೊಂಡಿದ್ದೇವೆ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಗರವನ್ನು ನಿಂದಿಸುವುದಕ್ಕೆ ನಾವು ಇಲ್ಲಿ ನಿಂತಿಲ್ಲ. ನಗರದ ಅನ್ನವನ್ನು ಮೂವತ್ತು ವರ್ಷ ಉಂಡವರು ನಾವು. ನಮ್ಮ ಈ ಗಡಿನಾಡಿನ ಎಷ್ಟು ಮನೆಗಳ ಮಾಡಿಗೆ ಹಂಚು ಹೊದೆಸಿದ್ದು ಮುಂಬಯಿಯ ಹಣವಲ್ಲವೇ? ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಾ ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದ ಹಿರಿಯರು ನಮ್ಮ ನಡುವೆಯೇ ಇದ್ದಾರೆ. ಹೊಟ್ಟೆಯ ಪಾಡಿಗಾಗಿ, ವಿದ್ಯೆಗಾಗಿ ಪಟ್ಟಣಕ್ಕೆ ಹೋದ ತರುಣರನ್ನು ಹಳಿಯುವ ಹಕ್ಕು ಯಾರಿಗೂ ಇಲ್ಲ. ಆದರೆ ನಗರವು ಕೊಟ್ಟಷ್ಟನ್ನೇ ಕೇಳಿ ಪಡೆಯುತ್ತದೆ ಎಂಬುದೂ ನಿಜ. 2024ರ ಬೇಸಗೆಯಲ್ಲಿ ಬೆಂಗಳೂರಿನ ಕೊಳವೆ ಬಾವಿಗಳು ಬತ್ತಿ, ದೊಡ್ಡ ದೊಡ್ಡ ವಸತಿ ಸಮುಚ್ಚಯಗಳ ಜನರು ಕೊಡ ಹಿಡಿದು ನೀರಿನ ಟ್ಯಾಂಕರಿಗಾಗಿ ಕಾದು ನಿಂತುದನ್ನು ನಾವೆಲ್ಲರೂ ಕಂಡೆವು, ಕೇಳಿದೆವು. ಅಂತಹ ದಿನಗಳಲ್ಲಿ ಊರಿನ ಬಾವಿಕಟ್ಟೆಯ ನೆನಪು ಬರುವುದು ಸಹಜವೇ.

ಊರಿಗೆ ಮರಳುವ ಆಸೆ ಹೊಸದೇನೂ ಅಲ್ಲ. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಕಾದಂಬರಿಯನ್ನು ಓದಿದವರಿಗೆ, ಪಟ್ಟಣಗಳನ್ನು ಸುತ್ತಿ ಕೊನೆಗೆ ಕಡಲ ಕರೆಯ ಅಜ್ಜಿ ತಾಯಂದಿರ ಮಣ್ಣಿಗೇ ಬಂದು ನಿಂತ ರಾಮನು ನೆನಪಿರುತ್ತಾನೆ. ದೂರದ ಅಮೆರಿಕದಲ್ಲಿ ಹೆನ್ರಿ ಡೇವಿಡ್ ಥೋರೋ ಎಂಬ ಮಹನೀಯನು 1845ರ ಜುಲೈಯಲ್ಲಿ ವಾಲ್ಡನ್ ಎಂಬ ಕೊಳದ ದಡದಲ್ಲಿ ತನ್ನ ಕೈಯಿಂದಲೇ ಒಂದು ಗುಡಿಸಲನ್ನು ಕಟ್ಟಿಕೊಂಡು ಎರಡು ವರ್ಷ ಎರಡು ತಿಂಗಳು ವಾಸಿಸಿದನು. ಅವನ ಪುಸ್ತಕವನ್ನು ಓದಿ ಕಾಡಿಗೆ ಹೊರಟವರು ಲೋಕದಲ್ಲಿ ಅನೇಕರು. ಆದರೆ ಆ ಗುಡಿಸಲು ಕಾನ್‌ಕಾರ್ಡ್ ಪೇಟೆಯಿಂದ ಒಂದೂವರೆ ಮೈಲಿನಷ್ಟು ದೂರದಲ್ಲಿತ್ತು. ಅವನು ಆಗಾಗ ಪೇಟೆಗೆ ನಡೆದು ಬರುತ್ತಿದ್ದನು. ಗೆಳೆಯರು ಅವನಲ್ಲಿಗೆ ಹೋಗುತ್ತಿದ್ದರು. ಜಾಗವಾದರೂ ಅವನ ಮಿತ್ರ ಎಮರ್ಸನ್ನನದು. ಜನರಿಂದ ಪೂರಾ ಕಡಿದುಕೊಂಡ ಬಾಳು ಅವನಿಗೂ ಬೇಕಾಗಿರಲಿಲ್ಲ.

ಅಷ್ಟು ದೂರದ ಉದಾಹರಣೆ ನಮಗೇಕೆ? ಮಂಜೇಶ್ವರದ ಗೋವಿಂದ ಪೈಗಳು ನಮ್ಮವರೇ ಅಲ್ಲವೇ? 1883ರಲ್ಲಿ ಹುಟ್ಟಿ, ಮಂಗಳೂರಿನಲ್ಲಿ ಓದಿ, ಮದ್ರಾಸಿನಲ್ಲಿ ಕಾಲೇಜು ಸೇರಿದ ಅವರು ತಂದೆಯವರ ಮರಣದಿಂದಾಗಿ ಪದವಿಯನ್ನು ಪೂರೈಸದೆಯೇ ಹಿಂದಿರುಗಬೇಕಾಯಿತು. ಆ ಬಳಿಕ ಅವರು ಮಂಜೇಶ್ವರದಲ್ಲಿ ನೆಲೆನಿಂತರು. ಆ ಸಣ್ಣ ಊರಿನಲ್ಲಿ ವಿಶ್ವವಿದ್ಯಾಲಯವಿರಲಿಲ್ಲ, ವಿದ್ವತ್ಸಭೆಗಳಿರಲಿಲ್ಲ. ಆದರೆ ಅವರ ಮನೆಯಲ್ಲಿ ಗ್ರಂಥಭಂಡಾರವಿತ್ತು. ಇಪ್ಪತ್ತಕ್ಕೂ ಮಿಕ್ಕಿದ ಭಾಷೆಗಳನ್ನು ಬಲ್ಲವರೆಂದು ಅವರು ಖ್ಯಾತರಾದರು. ಪ್ರಾಸವನ್ನು ಕೈಬಿಟ್ಟು ಹೊಸ ಕಾವ್ಯಕ್ಕೆ ದಾರಿ ಮಾಡಿದರು. 'ಗಿಳಿವಿಂಡು', 'ಗೊಲ್ಗೊಥಾ', 'ವೈಶಾಖಿ'ಗಳನ್ನು ಬರೆದರು. 1949ರಲ್ಲಿ ಮದ್ರಾಸು ಸರಕಾರವು ಅವರಿಗೆ ರಾಷ್ಟ್ರಕವಿ ಎಂಬ ಬಿರುದನ್ನು ಕೊಟ್ಟಿತು. 1951ರಲ್ಲಿ ಮುಂಬಯಿಯ ಸಾಹಿತ್ಯ ಸಮ್ಮೇಲನಕ್ಕೆ ಅವರು ಅಧ್ಯಕ್ಷರಾದರು. ಕೀರ್ತಿಯು ಅವರನ್ನು ಹುಡುಕಿಕೊಂಡು ಮಂಜೇಶ್ವರಕ್ಕೆ ಬಂದಿತು. ಇದರಿಂದ ನಾವು ಕಲಿಯಬೇಕಾದ ಪಾಠವಿಷ್ಟು: ಸಣ್ಣ ಊರು ಮನುಷ್ಯನನ್ನು ಸಣ್ಣವನನ್ನಾಗಿ ಮಾಡುವುದಿಲ್ಲ, ಆದರೆ ಅಲ್ಲಿ ಮಾಡಲು ಒಂದು ಕೆಲಸ ಇರಬೇಕು. ಪೈಗಳು ವಿಶ್ರಾಂತಿಗಾಗಿ ಮಂಜೇಶ್ವರದಲ್ಲಿ ಕುಳಿತವರಲ್ಲ.

ಇನ್ನು ವಿಷಯದ ಒಳಕ್ಕೆ ಹೋಗೋಣ. ಊರು ಹುಡುಕುವವರು ಮೊದಲು ಕೇಳಬೇಕಾದ ಪ್ರಶ್ನೆ ನೀರಿನದು.

ನಮ್ಮ ನಾಡಿಗೆ ಮಳೆ ಸಾಲದೆಂದು ಯಾರೂ ಹೇಳಲಾರರು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತದೆ. ಆದರೆ ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಬಂದು, ಮುರಕಲ್ಲಿನ ಇಳಿಜಾರಿನಲ್ಲಿ ಹರಿದು, ಕಡಲನ್ನು ಸೇರಿಬಿಡುತ್ತದೆ. ನವೆಂಬರಿನಲ್ಲಿ ಜಾಗ ನೋಡಲು ಬಂದವನಿಗೆ ತೋಡಿನಲ್ಲಿ ನೀರು ಜುಳುಜುಳು ಹರಿಯುತ್ತಿರುತ್ತದೆ. ಅವನು ಮರುಳಾಗಿ ಮುಂಗಡ ಕೊಟ್ಟುಬಿಡುತ್ತಾನೆ. ಅದೇ ತೋಡಿನಲ್ಲಿ ಏಪ್ರಿಲಿನಲ್ಲಿ ಮಕ್ಕಳು ಚೆಂಡಾಡುತ್ತಿರುವುದನ್ನು ಕಂಡಾಗ ಬುದ್ಧಿ ಬರುತ್ತದೆ. ಆದುದರಿಂದ ಜಾಗವನ್ನು ಎರಡು ಸಲ ನೋಡಬೇಕು. ಮೇ ತಿಂಗಳ ಕೊನೆಯಲ್ಲಿ ಒಂದು ಸಲ, ಬಾವಿಯಲ್ಲಿ ಎಷ್ಟು ನೀರಿದೆ ಎಂದು ಬಗ್ಗಿ ನೋಡುವುದಕ್ಕೆ. ಜುಲೈ ತಿಂಗಳ ನಡುವಿನಲ್ಲಿ ಇನ್ನೊಂದು ಸಲ, ಮನೆಗೆ ಹೋಗುವ ದಾರಿ ಉಳಿದಿದೆಯೇ ಎಂದು ನೋಡುವುದಕ್ಕೆ.

ನಮ್ಮ ಹಿರಿಯರು ಈ ಕಷ್ಟಕ್ಕೆ ಎರಡು ಉಪಾಯಗಳನ್ನು ಕಂಡುಕೊಂಡಿದ್ದರು. ಒಂದು ಸುರಂಗ. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯ ಗುಡ್ಡಗಳಲ್ಲಿ ಇವು ಇಂದಿಗೂ ಇವೆ. ಒಬ್ಬ ಮನುಷ್ಯನು ಹಾರೆ ಪಿಕಾಸಿ ಹಿಡಿದು ನಡೆಯುವಷ್ಟೇ ಅಗಲ ಎತ್ತರಕ್ಕೆ ಗುಡ್ಡದ ಹೊಟ್ಟೆಯನ್ನು ಅಡ್ಡಲಾಗಿ ಕೊರೆಯುತ್ತಾರೆ. ಹಣತೆಯೋ ಮೇಣದ ಬತ್ತಿಯೋ ನಂದಿದರೆ ಒಳಗೆ ಉಸಿರಾಟಕ್ಕೆ ಗಾಳಿ ಸಾಲದೆಂದು ತಿಳಿದು ಹೊರಗೆ ಬರುತ್ತಾರೆ. ಕೋಲಿನ ಮೇಲೆ ಕೋಲು ಕೊರೆಯುತ್ತಾ ಹೋದಂತೆ ಎಲ್ಲೋ ಒಂದೆಡೆ ಮಣ್ಣು ತೇವವಾಗಿ, ಹನಿ ಮೂಡಿ, ಸಣ್ಣ ಧಾರೆಯಾಗಿ ಹೊರಗೆ ಹರಿದು ಬರುತ್ತದೆ. ಆ ನೀರಿಗೆ ಯಂತ್ರ ಬೇಡ, ವಿದ್ಯುತ್ತು ಬೇಡ. ತಾನಾಗಿ ತೊಟ್ಟಿಯನ್ನು ತುಂಬುತ್ತದೆ. ಆದರೆ ಸುರಂಗವನ್ನು ಕೊರೆಸಿ ಬಿಟ್ಟರಾಗದು. ಒಳಗೆ ಕುಸಿದ ಮಣ್ಣನ್ನು ತೆಗೆಯಿಸಬೇಕು. ಮೇಲಿನ ಗುಡ್ಡದಲ್ಲಿ ಮರಗಿಡಗಳನ್ನು ಉಳಿಸಿ ಮಳೆಯ ನೀರು ಇಂಗುವಂತೆ ನೋಡಿಕೊಳ್ಳಬೇಕು. ಪಕ್ಕದಲ್ಲಿ ಆಳದ ಕೊಳವೆ ಬಾವಿಗಳು ಹೆಚ್ಚಿದಂತೆಲ್ಲ ಸುರಂಗಗಳು ಸೊರಗುತ್ತವೆ ಎಂಬುದು ನಮ್ಮ ಕೃಷಿಕರ ಅನುಭವ.

ಇನ್ನೊಂದು ಉಪಾಯ ಕಟ್ಟ. ಮಳೆಗಾಲ ಮುಗಿದು ತೋಡಿನ ಹರಿವು ತಗ್ಗಿದ ಮೇಲೆ ಕಲ್ಲು ಮಣ್ಣುಗಳಿಂದ ಅಡ್ಡಗಟ್ಟಿ ನೀರನ್ನು ನಿಲ್ಲಿಸುವುದು. ಏತಡ್ಕದ ಕಟ್ಟಗಳ ಸುದ್ದಿಯನ್ನು ತಾವು ಕೇಳಿರಬಹುದು. ಒಂದರ ಹಿಂದೊಂದು ಕಟ್ಟಗಳಲ್ಲಿ ನೀರು ನಿಂತು ಬೇಸಗೆಯಲ್ಲಿ ಎರಡೂ ದಡಗಳ ತೋಟಗಳನ್ನು ಕಾಪಾಡುತ್ತದೆ. ಇದರಲ್ಲಿ ಒಂದು ಸ್ವಾರಸ್ಯವಿದೆ. ಕಟ್ಟವು ಒಂದು ವರ್ಷದ್ದು ಇನ್ನೊಂದು ವರ್ಷಕ್ಕೆ ಉಳಿಯುವುದಿಲ್ಲ. ಮಳೆಗಾಲ ಬರುವ ಮೊದಲು ಅದನ್ನು ಬಿಡಿಸಬೇಕು, ಇಲ್ಲವಾದರೆ ಹೊಳೆಯೇ ಕೊಚ್ಚಿಕೊಂಡು ಹೋಗುತ್ತದೆ. ಮತ್ತೆ ಮುಂದಿನ ವರ್ಷ ಮೇಲಿನ ತೋಟದವರೂ ಕೆಳಗಿನ ತೋಟದವರೂ ಸೇರಿ ಕಟ್ಟಬೇಕು. ಒಬ್ಬನು "ಈ ವರ್ಷ ನಾನು ಬರಲಾರೆ" ಎಂದರೆ ಎಲ್ಲರ ಅಡಿಕೆ ಮರಗಳೂ ಬಾಡುತ್ತವೆ. ಈ ಕಟ್ಟದ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ; ಮುಂದೆ ಅದಕ್ಕೆ ಹಿಂದಿರುಗುತ್ತೇವೆ.

ಎರಡನೆಯ ಮಾತು ಚೆಲುವಿನದು. ಹಸುರು ಗುಡ್ಡ, ತಣ್ಣನೆಯ ಗಾಳಿ, ಹಕ್ಕಿಗಳ ಉಲಿ: ಇವಿದ್ದರೆ ಸಾಕು, ಅದು ಸ್ವರ್ಗವೆಂದು ಪೇಟೆಯವರು ತಿಳಿಯುತ್ತಾರೆ. ನಮ್ಮ ಎಣ್ಮಕಜೆ ಪಂಚಾಯತಿನ ಪಡ್ರೆಯ ಕಡೆಯಲ್ಲಿ ಸ್ವರ್ಗ ಎಂಬ ಹೆಸರಿನ ಊರೇ ಇದೆ. ನೋಡಲು ಹೆಸರಿಗೆ ತಕ್ಕ ಊರು. ಅದರ ಸುತ್ತಿನ ಗೇರು ತೋಪುಗಳ ಮೇಲೆ ಎರಡು ದಶಕಗಳಿಗೂ ಮಿಕ್ಕಿ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷವನ್ನು ಸಿಂಪಡಿಸಲಾಯಿತು. ಗೇರಿನ ಹೂವನ್ನು ಹಾಳುಮಾಡುವ ಕೀಟವನ್ನು ಕೊಲ್ಲುವುದು ಅದರ ಉದ್ದೇಶ. ಆದರೆ ತೋಪು ಇದ್ದುದು ಗುಡ್ಡದ ಮೇಲೆ. ಜನರು ಇದ್ದುದು ಗುಡ್ಡದ ಕೆಳಗೆ. ಅವರು ಕುಡಿಯುತ್ತಿದ್ದುದು ಅದೇ ಗುಡ್ಡದಿಂದ ಇಳಿದ ನೀರನ್ನು. ಮಕ್ಕಳು ಅಂಗವೈಕಲ್ಯ, ಬುದ್ಧಿಮಾಂದ್ಯಗಳಿಂದ ನರಳುವುದನ್ನು ಊರವರು ಕಂಡರು. ಹಳ್ಳಿಯಲ್ಲೇ ಇದ್ದ ವೈದ್ಯರೊಬ್ಬರು ರೋಗಗಳ ಲೆಕ್ಕವಿಟ್ಟರು, ಹಳ್ಳಿಯಲ್ಲೇ ಇದ್ದ ಪತ್ರಕರ್ತ ಕೃಷಿಕ ಶ್ರೀ ಪಡ್ರೆಯವರು ಬರೆದರು, ತಾಯಂದಿರು ಬೀದಿಗಿಳಿದರು. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಿಷವನ್ನು ದೇಶದಾದ್ಯಂತ ತಡೆಯಿತು; 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆಜ್ಞಾಪಿಸಿತು. ಆದರೆ ಹಾಸಿಗೆ ಹಿಡಿದ ಮಕ್ಕಳನ್ನು ಎತ್ತಿ ಕುಳ್ಳಿರಿಸುವ ತಾಯಂದಿರ ಕೆಲಸ ಯಾವ ಆಜ್ಞೆಯಿಂದಲೂ ಮುಗಿಯಲಿಲ್ಲ.

ಈ ಕತೆಯನ್ನು ಹೇಳಿ ತಮ್ಮ ಉತ್ಸಾಹವನ್ನು ಕುಗ್ಗಿಸುವುದು ನಮ್ಮ ಇಚ್ಛೆಯಲ್ಲ. ಕಣ್ಣಿಗೆ ಕಾಣುವ ಚೆಲುವು ಸಾಕ್ಷಿಯಲ್ಲ ಎಂಬುದಷ್ಟೇ ನಮ್ಮ ಮಾತು. ಅಂಥ ಊರನ್ನು ಕಾಪಾಡಿದವರು ಯಾರು? ಅಲ್ಲೇ ನೆಲೆಸಿ, ನೆರೆಮನೆಯ ಮಗುವನ್ನು ದಿನವೂ ನೋಡುತ್ತಿದ್ದವರು. ರಜೆಯ ನಾಲ್ಕು ದಿನಗಳಿಗೆ ಬಂದು ಹೋಗುವವರಿಗೆ ಅದು ಕಾಣಿಸುತ್ತಲೇ ಇರಲಿಲ್ಲ.

ಮೂರನೆಯದು ವೈದ್ಯರ ಮಾತು. ನಮಗೆ ವಯಸ್ಸಾಗುತ್ತದೆ, ಕೊನೆಗಾಲವನ್ನು ಶಾಂತಿಯಿಂದ ಕಳೆಯೋಣವೆಂದು ಬರುವವರೇ ಬಹಳ. ಕಾಸರಗೋಡಿನವರಿಗೆ ದೊಡ್ಡ ಕಾಯಿಲೆಗೆ ದಾರಿ ಮಂಗಳೂರು. ಐವತ್ತು ಕಿಲೋಮೀಟರಿನಷ್ಟು ದೂರ. ರೈಲು 1907ರಲ್ಲೇ ಮಂಗಳೂರನ್ನು ಮುಟ್ಟಿತ್ತು. ನಮ್ಮ ಅಜ್ಜಂದಿರ ಕಾಲದಿಂದಲೂ ಸಂತೆ, ಶಾಲೆ, ನ್ಯಾಯಾಲಯ, ಆಸ್ಪತ್ರೆ ಎಲ್ಲಕ್ಕೂ ಅದೇ ದಾರಿ. 1956ರ ನವೆಂಬರ್ 1ರಂದು ರಾಜ್ಯಗಳ ಎಲ್ಲೆ ಬದಲಾಯಿತು, ದಾರಿ ಬದಲಾಗಲಿಲ್ಲ. ಆದರೆ 2020ರ ಮಾರ್ಚಿನಲ್ಲಿ ಮಹಾವ್ಯಾಧಿಯ ಭಯದಿಂದ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ತಲಪಾಡಿಯಲ್ಲಿ ಅಂಬುಲೆನ್ಸುಗಳು ನಿಂತುವು. ಸಕಾಲದಲ್ಲಿ ಚಿಕಿತ್ಸೆ ಸಿಗದೆ ಕೆಲವರು ಪ್ರಾಣಬಿಟ್ಟರು. ವಿಷಯವು ಕೇರಳದ ಉಚ್ಚ ನ್ಯಾಯಾಲಯಕ್ಕೂ ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಗಿ, ಏಪ್ರಿಲಿನಲ್ಲಿ ತುರ್ತಿನ ರೋಗಿಗಳಿಗೆ ದಾರಿ ತೆರೆಯಿತು. ಭೂಪಟದಲ್ಲಿ ಒಂದು ಗೆರೆಯೆಂದು ಕಾಣುವುದು ಗಡಿನಾಡಿನವನ ಬಾಳಿನಲ್ಲಿ ಏನಾಗಬಲ್ಲುದೆಂಬುದನ್ನು ನಾವು ಆ ಹದಿನೈದು ದಿನಗಳಲ್ಲಿ ಕಲಿತೆವು. ಆದುದರಿಂದ ಊರು ಹುಡುಕುವವರು ಹತ್ತಿರದ ಆಸ್ಪತ್ರೆ ಎಲ್ಲಿದೆ ಎಂದು ಮಾತ್ರ ಕೇಳಿದರೆ ಸಾಲದು. ನಡುರಾತ್ರಿಯಲ್ಲಿ ವಾಹನ ತರುವ ನೆರೆಯವನು ಯಾರು ಎಂದೂ ಕೇಳಬೇಕು.

ನಾಲ್ಕನೆಯದು ದುಡಿಮೆ. ತೋಟವೆಂದರೆ ನೆರಳಿನಲ್ಲಿ ಕುರ್ಚಿ ಹಾಕಿ ಕುಳಿತುಕೊಳ್ಳುವ ಸ್ಥಳವೆಂದು ಭಾವಿಸಿದವರಿಗೆ ಒಂದು ಮಳೆಗಾಲ ಸಾಕು. ಅಡಿಕೆ ಸಸಿ ನೆಟ್ಟರೆ ಫಲ ಕಾಣಲು ಐದಾರು ವರ್ಷ ಕಾಯಬೇಕು. ಕೊಳೆರೋಗವನ್ನು ತಡೆಯಲು ಮಳೆ ಹಿಡಿಯುವ ಮುನ್ನವೇ ಬೋರ್ಡೋ ದ್ರಾವಣ ಬಿಡಬೇಕು: ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅದನ್ನು ಗೊನೆಗೆ ತಾಗುವಂತೆ ಸಿಂಪಡಿಸಲು ಮರ ಹತ್ತುವವರು ಬೇಕು. ಅವರು ಇಂದು ಬಹಳ ವಿರಳ. ಒಂದೂವರೆ ತಿಂಗಳು ಕಳೆದ ಮೇಲೆ ಮತ್ತೊಮ್ಮೆ. ನಡುವೆ ಬಿಸಿಲು ಕಾಣದಿದ್ದರೆ ಬೆಳೆಯ ಆಸೆ ಬಿಡಬೇಕು. ಕಲಿಯುವ ಮನಸ್ಸಿದ್ದವರಿಗೆ ಸಹಾಯವಿಲ್ಲದಿಲ್ಲ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾಗಿ, ಈಗ ಸಿ.ಪಿ.ಸಿ.ಆರ್.ಐ. ಎಂದು ಎಲ್ಲರೂ ಕರೆಯುವ ಸಂಸ್ಥೆ ನಮ್ಮ ಕಾಸರಗೋಡಿನಲ್ಲೇ ಇದೆ. ಅದಕ್ಕಿಂತಲೂ ಹತ್ತಿರದಲ್ಲಿ ನೆರೆಯ ತೋಟದ ಹಿರಿಯನಿದ್ದಾನೆ. ಅವನೊಡನೆ ವೀಳ್ಯ ಹಾಕಿಕೊಂಡು ಕುಳಿತರೆ ಪುಸ್ತಕದಲ್ಲಿ ಇಲ್ಲದ್ದನ್ನು ಹೇಳಿಕೊಡುತ್ತಾನೆ.

ಐದನೆಯ ಮತ್ತು ಕೊನೆಯ ಮಾತು ಭಾಷೆಯದು, ಶಾಲೆಯದು. ಇದನ್ನು ನಾವು ಬಹಳ ತಡವಾಗಿ ಕಲಿತೆವು. ಕಲಿತ ಬಗೆಯನ್ನು ಹೇಳಿದರೆ ತಾವು ತಪ್ಪು ತಿಳಿಯಲಾರಿರಿ ಎಂದು ನಂಬಿದ್ದೇವೆ.

ನಾವು ಬಂದು ನೆಲೆಸಿದ ಎರಡನೆಯ ವರ್ಷ, ಮೇ ತಿಂಗಳ ಒಂದು ಮಧ್ಯಾಹ್ನ, ಊರಿನ ಕನ್ನಡ ಶಾಲೆಯ ಮುಖ್ಯೋಪಾಧ್ಯಾಯಿನಿಯವರು ಬಿಸಿಲಿನಲ್ಲಿ ನಡೆದು ನಮ್ಮ ಮನೆಗೆ ಬಂದರು. ಚಂದಾ ಕೇಳಲು ಬಂದಿರಬೇಕೆಂದು ಎಣಿಸಿ ನಾವು ಒಳಗಿನಿಂದ ಹಣ ತಂದು ಇಟ್ಟುಕೊಂಡೆವು. ಪುನರ್ಪುಳಿಯ ಶರಬತ್ತು ಕುಡಿದು, ಸೆರಗಿನಿಂದ ಮುಖ ಒರೆಸಿಕೊಂಡು ಅವರು ಕೇಳಿದರು:

"ನಿಮ್ಮಲ್ಲಿ ಒಂದನೆಯ ತರಗತಿಗೆ ಸೇರುವ ಮಕ್ಕಳು ಯಾರಾದರೂ ಉಂಟೋ ಅಣ್ಣಾ?"

ನಮ್ಮ ಮನೆಯಾಕೆ ಸಂತೋಷದಿಂದ, "ಮೊಮ್ಮಗಳಿದ್ದಾಳೆ. ಈ ವರ್ಷ ಆರು ತುಂಬಿತು. ಬೆಂಗಳೂರಿನಲ್ಲಿದ್ದಾಳೆ" ಎಂದರು.

"ಅಲ್ಲಿಯೋ" ಎಂದರು ಅಧ್ಯಾಪಿಕೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಣ ಬೇಡ ಅಣ್ಣಾ, ಇಟ್ಟುಕೊಳ್ಳಿ. ನಮಗೆ ಬೇಕಾದ್ದು ಮಕ್ಕಳು" ಎಂದು ಎದ್ದರು. ಇನ್ನೂ ಹತ್ತು ಮನೆಗಳಿಗೆ ಅವರು ಹೋಗಬೇಕಾಗಿತ್ತು.

ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ಎಣಿಕೆ ನಡೆಯುತ್ತದೆ ಎಂಬುದನ್ನು ಇಲ್ಲಿರುವ ಅಧ್ಯಾಪಕ ಬಂಧುಗಳೆಲ್ಲ ಬಲ್ಲರು. ಆ ದಿನದ ಸಂಖ್ಯೆಯ ಮೇಲೆ ಅಧ್ಯಾಪಕರ ಹುದ್ದೆಗಳು ನಿಲ್ಲುತ್ತವೆ ಅಥವಾ ಹೋಗುತ್ತವೆ. ಆ ವರ್ಷ ನಮ್ಮ ಶಾಲೆಯ ಸಂಖ್ಯೆ ತುಂಬಲಿಲ್ಲ. ಒಬ್ಬ ಅಧ್ಯಾಪಕರು ಬೇರೆ ಊರಿಗೆ ಹೋದರು. ಸಂವಿಧಾನದಲ್ಲಿ 350ಎ ಎಂಬ ವಿಧಿಯಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸುವ ಸೌಕರ್ಯ ಒದಗಿಸಲು ಯತ್ನಿಸಬೇಕೆಂದು ಅದು ರಾಜ್ಯಗಳಿಗೆ ಹೇಳುತ್ತದೆ. 1956ರಲ್ಲಿ, ನಮ್ಮ ಎಲ್ಲೆ ಬದಲಾದ ವರ್ಷವೇ, ಅದು ಸೇರ್ಪಡೆಯಾಯಿತು. ಅದಕ್ಕಾಗಿ ನಾವು ಮನವಿಗಳನ್ನು ಕೊಡುತ್ತೇವೆ, ಮೆರವಣಿಗೆ ಹೋಗುತ್ತೇವೆ, ಹೋಗಲೇಬೇಕು. ಆದರೆ ಬೆಂಚಿನ ಮೇಲೆ ಮಗುವೇ ಇಲ್ಲದಿದ್ದರೆ ವಿಧಿಯು ಯಾರನ್ನು ಕಾಪಾಡೀತು?

ಅಂದು ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಊರನ್ನು ಆರಿಸುವಾಗ ನಾವು ಹತ್ತಾರು ಪ್ರಶ್ನೆಗಳನ್ನು ಕೇಳಿದ್ದೆವು: ನೀರು ಉಂಟೇ, ದಾರಿ ಉಂಟೇ, ವಿದ್ಯುತ್ತು ಉಂಟೇ, ನೆರೆಯವರು ಒಳ್ಳೆಯವರೇ. ಆ ಊರಿಗೆ ನಮ್ಮಿಂದ ಏನಾಗಬೇಕಾಗಿದೆ ಎಂದು ಒಂದು ಸಲವಾದರೂ ಕೇಳಿದ್ದೆವೇ? ಶಾಂತಿಯನ್ನು ಪಡೆಯಲು ಬಂದಿದ್ದೆವು. ಶಾಂತಿಗೆ ಬೆಲೆ ಕೊಡಲು ಬಂದಿರಲಿಲ್ಲ. ಕೊಡಲು ನಮ್ಮಲ್ಲಿ ಮಗುವಿರಲಿಲ್ಲ. ಕೊಡಬಹುದಾದುದು ಸಮಯ. ಆ ಜೂನಿನಿಂದ ಶನಿವಾರಗಳಂದು ಶಾಲೆಯ ಮಕ್ಕಳಿಗೆ ಕತೆಯ ಪುಸ್ತಕ ಓದಿಸಲು ಹೋಗುತ್ತಿದ್ದೇವೆ. ದೊಡ್ಡ ಕೆಲಸವೇನೂ ಅಲ್ಲ. ಆದರೆ ಊರಿನ ಅಂಗಡಿಯಲ್ಲಿ ನಮ್ಮನ್ನು "ಮುಂಬಯಿಯವರು" ಎನ್ನುತ್ತಿದ್ದ ಜನ, "ನಮ್ಮ ಶಾಲೆಗೆ ಬರುವವರು" ಎನ್ನತೊಡಗಿದುದು ಆ ಬಳಿಕವೇ.

ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈಗಳನ್ನು ಇಲ್ಲಿ ನೆನೆಯದಿದ್ದರೆ ನಮ್ಮ ಮಾತು ಅಪೂರ್ಣವಾದೀತು. 1915ರಲ್ಲಿ ಹುಟ್ಟಿದ ಅವರು ಶತಮಾನವನ್ನು ತುಂಬಿ 2015ರಲ್ಲಿ ತೀರಿಕೊಂಡರು. ಪೆರಡಾಲದ ಶಾಲೆಯಲ್ಲಿ ಅಧ್ಯಾಪಕರಾದರು, ಮಣ್ಣಿನಲ್ಲಿ ಕೃಷಿಕರಾದರು, ಮನೆಯಲ್ಲಿ ಕವಿಯಾದರು, ಬೀದಿಯಲ್ಲಿ ಕಾಸರಗೋಡಿನ ಕನ್ನಡದ ದನಿಯಾದರು. 1997ರಲ್ಲಿ ಮಂಗಳೂರಿನ ಸಾಹಿತ್ಯ ಸಮ್ಮೇಲನದ ಅಧ್ಯಕ್ಷತೆಯನ್ನು ವಹಿಸಿದ ಮೇಲೂ ಅವರು ಮರಳಿದ್ದು ಬದಿಯಡ್ಕದ ಪಕ್ಕದ ಆ ಮನೆಗೇ. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು 'ದುಡಿತವೇ ನನ್ನ ದೇವರು'. ನೆಲೆಸುವುದೆಂದರೇನು ಎಂಬುದಕ್ಕೆ ಆ ಹೆಸರೊಂದೇ ಸಾಕಾದ ವ್ಯಾಖ್ಯಾನ.

ಈಗ ಕಟ್ಟದ ಮಾತಿಗೆ ಹಿಂದಿರುಗೋಣ. ನಮ್ಮ ನಾಡಿನಲ್ಲಿ ಒಳ್ಳೆಯದೆಂದು ಏನೇನಿದೆಯೋ ಅದೆಲ್ಲವೂ ಆ ಕಟ್ಟದ ಹಾಗೆ ವರ್ಷವರ್ಷವೂ ಹೊಸದಾಗಿ ಕಟ್ಟಬೇಕಾದುದು. ಸುರಂಗದ ಮಣ್ಣು ತೆಗೆಯದಿದ್ದರೆ ನೀರಿಲ್ಲ. ನೋಡಿದ್ದನ್ನು ಹೇಳುವವರಿಲ್ಲದಿದ್ದರೆ ಸ್ವರ್ಗವೂ ವಿಷದ ಮಡುವಾಗುತ್ತದೆ. ಮಗುವಿಲ್ಲದಿದ್ದರೆ ಶಾಲೆಯಿಲ್ಲ, ಶಾಲೆಯಿಲ್ಲದಿದ್ದರೆ ಇನ್ನು ಇಪ್ಪತ್ತು ವರ್ಷಗಳಲ್ಲಿ ಈ ಸಭೆಯ ಕುರ್ಚಿಗಳಲ್ಲಿ ಕುಳಿತುಕೊಳ್ಳುವವರಾರು? ಬಾಳಲು ತಕ್ಕ ಊರು ಎಲ್ಲಿಯೋ ಸಿದ್ಧವಾಗಿ ನಮಗಾಗಿ ಕಾದು ಕುಳಿತಿರುವುದಿಲ್ಲ. ನಾಲ್ಕು ಮನೆಯವರು ನಿಂತು ನೋಡಿಕೊಂಡಷ್ಟು ಕಾಲ ಅದು ಇರುತ್ತದೆ. ಅವರು ಬೀಗ ಹಾಕಿ ಹೊರಟ ದಿನ ಹೋಗುತ್ತದೆ.

ಆದುದರಿಂದ ಪತ್ರ ಬರೆದು ಕೇಳುವ ಬಂಧುಗಳಿಗೆ ನಾವು ಈಗ ಕೊಡುತ್ತಿರುವ ಉತ್ತರ ಹೀಗಿದೆ.

ಜಾಗವನ್ನು ಕೊಳ್ಳುವ ಮೊದಲು ಒಂದು ವರ್ಷ ಬಾಡಿಗೆಯ ಮನೆಯಲ್ಲಿರಿ. ಒಂದು ಬೇಸಗೆ, ಒಂದು ಮಳೆಗಾಲ ಕಳೆಯಲಿ. ಹಿರಿಯರ ಮನೆ ಬೀಗ ಹಾಕಿಕೊಂಡಿದ್ದರೆ ಹೊಸದನ್ನು ಕಟ್ಟುವ ಮುನ್ನ ಅದರ ಬಾಗಿಲು ತೆರೆಯಿರಿ. ಮಲಯಾಳವನ್ನು ಕಲಿಯಿರಿ, ಬಸ್ಸಿನ ಫಲಕವನ್ನೂ ವಿದ್ಯುತ್ತಿನ ಬಿಲ್ಲನ್ನೂ ಓದಲು ಬಾರದವನು ನಾಲ್ಕು ಜನರ ಉಪಕಾರದಲ್ಲಿ ಬದುಕಬೇಕಾಗುತ್ತದೆ. ಇದು ಸಪ್ತಭಾಷೆಗಳ ನಾಡು. ತುಳುವಿನಲ್ಲಿ ಗುಣಮುಟ್ಟು ವಿಚಾರಿಸಿ, ಬ್ಯಾರಿ ಭಾಷೆಯಲ್ಲಿ ಮೀನಿನ ಬೆಲೆ ಕೇಳಿ, ಕೊಂಕಣಿಯಲ್ಲಿ ಅಂಗಡಿಯ ಲೆಕ್ಕ ತೀರಿಸಿ ಮನೆಗೆ ಬರುವವರು ನಾವು. ಇನ್ನೊಂದು ಭಾಷೆ ಕಲಿತರೆ ಕನ್ನಡಕ್ಕೆ ಕೊರತೆಯಾಗದು. ಆದರೆ ಎಳೆಯ ಮಕ್ಕಳಿದ್ದರೆ ಅವರ ಕೈ ಹಿಡಿದು ಊರಿನ ಕನ್ನಡ ಶಾಲೆಗೆ ಕರೆದೊಯ್ಯಿರಿ; ಜೂನ್ ತಿಂಗಳ ಆರನೆಯ ದಿನಕ್ಕೆ ಮೊದಲೇ. ಮಕ್ಕಳು ಬೆಳೆದಿದ್ದರೆ ನಿಮ್ಮ ವಿದ್ಯೆಯನ್ನೂ ಒಂದಿಷ್ಟು ಹೊತ್ತನ್ನೂ ತನ್ನಿರಿ. ಕಟ್ಟ ಕಟ್ಟುವ ದಿನ ಯಾರೂ ಕರೆಯದೆಯೇ ಹೋಗಿ ಒಂದು ಕಲ್ಲು ಎತ್ತಿ ಕೊಡಿರಿ.

ಬರಲಾರದವರು ಬಹಳ ಮಂದಿ ಇದ್ದಾರೆ. ಅವರ ಉದ್ಯೋಗ, ಸಾಲ, ಮಕ್ಕಳ ವಿದ್ಯಾಭ್ಯಾಸ ಅವರನ್ನು ಕಟ್ಟಿಹಾಕಿವೆ. ಅವರ ಮೇಲೆ ನಮಗೆ ಮುನಿಸಿಲ್ಲ. ರಜೆಯಲ್ಲಿ ಮಕ್ಕಳನ್ನು ಕಳುಹಿಸಲಿ. ಅಜ್ಜಿಯ ಮಾತು, ಯಕ್ಷಗಾನದ ಚೆಂಡೆಯ ಸದ್ದು ಅವರ ಕಿವಿಗೆ ಬೀಳಲಿ.

ನಮ್ಮ ಮೊಮ್ಮಗಳು ಕಳೆದ ಬೇಸಗೆಯಲ್ಲಿ ಬಂದಿದ್ದಳು. ಈಗ ಅವಳು ದೊಡ್ಡ ತರಗತಿಯ ಹುಡುಗಿ. ಶನಿವಾರದ ಓದಿಗಾಗಿ ಪುಸ್ತಕಗಳಿಗೆ ಹೊದಿಕೆ ಹಾಕಲು ಅಜ್ಜಿಯೊಡನೆ ಕುಳಿತವಳು, "ಇಷ್ಟು ಪುಸ್ತಕಕ್ಕೆ ಎಷ್ಟು ಮಕ್ಕಳಿದ್ದಾರೆ ಅಜ್ಜಾ?" ಎಂದು ಕೇಳಿದಳು. ಸಂಖ್ಯೆಯನ್ನು ಹೇಳಿದೆವು. ಅವಳು ಬೆರಳೆಣಿಸಿ, ಏನನ್ನೂ ಹೇಳದೆ ಹೊದಿಕೆ ಹಾಕುವುದನ್ನು ಮುಂದುವರಿಸಿದಳು. ಈ ವರ್ಷ ಆ ಸಂಖ್ಯೆ ಹೆಚ್ಚಬೇಕು. ಅದು ಈ ಸಭೆಯಲ್ಲಿ ಕುಳಿತಿರುವ ನಮ್ಮೆಲ್ಲರ ಕೈಯಲ್ಲಿದೆ.